ಎದುರು ಮೇಜಿನ ಹಿರಿಯರಿಗೆ

ಹೋದ ವಾರ ಗ್ರಂಥಾಲಯದಲ್ಲಿ ನನ್ನೆದುರು ಕೂತಿದ್ದ ಹಿರಿಯರೇ, ನಿಮ್ಮ ಹೆಸರು ಕೇಳೋದೇ ಮರೆತೆ. ರೋಮನ್ ಕವಿ ವರ್ಜಿಲನ ಮಹಾಕಾವ್ಯ ‘ಈನಿಯಡ್’ನ 12 ಸರ್ಗಗಳಲ್ಲಿ ನಾಲ್ಕನೆಯದಕ್ಕೇ ಸಿಟ್ಟಾಗಿ ನಾನು ಪುಸ್ತಕ ಮುಚ್ಚಿದ್ದೆ. ತನ್ನನ್ನು ಪ್ರೀತಿಸಿದ ಕಾರ್ಥೇಜಿನ ರಾಣಿ ಡೈಡೋಳನ್ನು ಬಿಟ್ಟು ಹಡಗು ಹತ್ತುವ ಕಥಾನಾಯಕ ಈನಿಯಸ್ ಎಂಥಾ ವೀರ? ನೀವು ಪುಟ ತೆಗೆಸಿ ಅವನು ಅವಳಿಗೆ ಹೇಳುವ ಒಂದು ಸಾಲಿನ ಮೇಲೆ ಬೆರಳಿಟ್ಟಿರಿ: ಇಟಲಿಗೆ ಹೊರಟಿರುವುದು ನನ್ನಿಷ್ಟದಿಂದಲ್ಲ. ಲ್ಯಾಟಿನ್ ಮೂಲದಲ್ಲಿ ಆ ಸಾಲು ಅರ್ಧಕ್ಕೇ ನಿಂತಿದೆ ಎಂದಿರಿ. ಕ್ರಿ.ಪೂ. 19ರಲ್ಲಿ ಕವಿ ತೀರಿಕೊಂಡಾಗ ಕಾವ್ಯವನ್ನು ಪೂರ್ತಿ ತಿದ್ದಿ ಮುಗಿಸಿರಲಿಲ್ಲ, ಅಷ್ಟೇ. ನನಗೆ ಮಾತ್ರ ಅಲ್ಲಿ ಈನಿಯಸ್‌ನ ಗಂಟಲು ಕಟ್ಟಿದ ಹಾಗೆ ಕೇಳಿಸಿತು.

ಆಮೇಲೆ ಎರಡನೇ ಸರ್ಗಕ್ಕೆ ಕರೆದೊಯ್ದಿರಿ. ಈನಿಯಸ್‌ನ ಊರು ಟ್ರಾಯ್ ಉರಿಯುತ್ತಿದೆ. ಹೆಗಲ ಮೇಲೆ ಮುದಿ ಅಪ್ಪ, ಕೈಯಲ್ಲಿ ಮಗನ ಕೈ. ಹಿಂದೆ ಬರುತ್ತಿದ್ದ ಹೆಂಡತಿ ಕ್ರಿಯೂಸಾ ಕತ್ತಲಲ್ಲಿ ಕಳೆದೇಹೋದಳು. ಕವಿ ಈನಿಯಸ್‌ನಲ್ಲಿ ಕಾಣುವ ಗುಣ ‘ಪಿಯೆತಾಸ್’ ಅಂದರೆ ಬರೀ ಭಕ್ತಿಯಲ್ಲ, ದೇವರಿಗೆ, ಹೆತ್ತವರಿಗೆ, ನಾಡಿಗೆ ಸಲ್ಲಬೇಕಾದ ಋಣ ಅಂದಿರಿ. ಡೈಡೋ ವಿಷಯದಲ್ಲಿ ನಾನಿನ್ನೂ ಅವನನ್ನು ಕ್ಷಮಿಸಿಲ್ಲ, ಹೇಳಿಬಿಡ್ತೀನಿ. ಆದರೆ ಪುಸ್ತಕ ಮುಗಿಸಿದೆ. ಸೋತು ಬೇಡಿಕೊಳ್ಳುವ ಶತ್ರು ಟರ್ನಸ್‌ನನ್ನು ಕೊಲ್ಲುವ ಆ ಕೊನೆಯ ಪುಟದ ಬಗ್ಗೆ ಕೇಳೋದಿದೆ. ಶನಿವಾರ ಅದೇ ಮೇಜಿನಲ್ಲಿರುತ್ತೇನೆ. ತುಂಬಾ ಧನ್ಯವಾದ, ಸರ್.