ದೂರು ಕೊಟ್ಟವರು ಯಾರು ಅಂತ ನೋಡು

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಹೋಬಾರ್ಟಿನಲ್ಲಿ ಚಳಿ ಶುರುವಾಯಿತಂತೆ, ನಿಮ್ಮಮ್ಮ ಹೇಳಿದಳು. ಬೆಚ್ಚಗಿರು. ಆಸ್ಟ್ರೇಲಿಯಾಕ್ಕೆ ಗಡೀಪಾರಾದ ಕೈದಿ ಹೆಂಗಸರ ಬಗ್ಗೆ ನೀನು ಕಳಿಸಿದ ಪ್ರಾಜೆಕ್ಟ್ ಬರಹ ಪೂರ್ತಿ ಓದಿದೆ. ಚೆನ್ನಾಗಿದೆ, ಆದರೆ ಒಂದು ಮಾತು ಹೇಳಲೇಬೇಕು.

ಗಡೀಪಾರಾಗಿ ಬಂದ ಹೆಂಗಸರೆಲ್ಲ ಸೂಳೆಯರು ಅಂತ ಆಗಿನ ಅಧಿಕಾರಿಗಳು ಬರೆದರು. ನೀನು ಎಲ್ಲರನ್ನೂ ಏನೂ ತಪ್ಪು ಮಾಡದ ಮುಗ್ಧೆಯರನ್ನಾಗಿ ಮಾಡಿಬಿಟ್ಟಿದ್ದೀಯ. 1788ರಿಂದ 1853ರೊಳಗೆ ಬ್ರಿಟನ್ ಮತ್ತು ಐರ್ಲೆಂಡಿನಿಂದ ಬಂದವರು ಸುಮಾರು 25,000 ಜನ. ಅಷ್ಟೂ ಜನ ಒಂದೇ ಥರ ಇರೋಕೆ ಸಾಧ್ಯವಾ? ಸೂಳೆಗಾರಿಕೆಗೆ ಗಡೀಪಾರು ಶಿಕ್ಷೆಯೇ ಇರಲಿಲ್ಲ. ಹೆಚ್ಚಿನವರು ಬಂದದ್ದು ಕಳ್ಳತನಕ್ಕೆ, ಬಟ್ಟೆಬರೆಯಂಥ ಸಣ್ಣಪುಟ್ಟ ವಸ್ತು ಕದ್ದು. ಶಿಕ್ಷೆ ಸಾಮಾನ್ಯವಾಗಿ 7 ವರ್ಷ. ಕೆಲವರು ನಿಜವಾಗಿಯೂ ನುರಿತ ಕಳ್ಳಿಯರೇ. ಅದನ್ನೂ ಬರಿ, ಮುಚ್ಚಿಡಬೇಡ.

ನಿನ್ನ ಊರಿನ ದಾಖಲೆ ಸಂಗ್ರಹದಲ್ಲಿ ಒಬ್ಬೊಬ್ಬರದೂ ನಡತೆಯ ಪುಟ ಇದೆಯಲ್ಲ, ಅದನ್ನು ನಿಧಾನವಾಗಿ ಓದು. ಎತ್ತರ ಎಷ್ಟು, ಕಣ್ಣಿನ ಬಣ್ಣ ಯಾವುದು, ಏನು ಕೆಲಸ ಬಲ್ಲಳು ಅಂತ ಮೊದಲು ಬರುತ್ತದೆ. ಆಮೇಲೆ ತಪ್ಪುಗಳ ಸಾಲು: ಎದುರು ಮಾತಾಡಿದಳು, ರಾತ್ರಿ ಮನೆಯಲ್ಲಿರಲಿಲ್ಲ, ಕುಡಿದಿದ್ದಳು, ಕೆಲಸ ಮಾಡಲ್ಲ ಅಂದಳು. ಇವನ್ನು ಬರೆಸಿದ್ದು ಬಹುಪಾಲು ಸರ್ಕಾರ ಅವಳನ್ನು ಮನೆಗೆಲಸಕ್ಕೆ ಹಾಕಿದ ಮನೆಯ ಯಜಮಾನ, ಇಲ್ಲ ಯಜಮಾನಿ. ಯಾವ ಮಾತಿಗೆ ಎದುರು ಮಾತಾಡಿದಳು ಅಂತ ಅಲ್ಲಿ ಸಿಗುವುದು ಕಡಿಮೆ. ಕೆಲವರು ಬೇಕೆಂದೇ ತಪ್ಪು ಮಾಡಿ ಆ ಮನೆಯಿಂದ ಪಾರಾಗುತ್ತಿದ್ದರು ಅಂತ ಇತಿಹಾಸಕಾರರು ಹೇಳುತ್ತಾರೆ. ನನಗಂತೂ ಅದು ನಂಬುವ ಮಾತು.

ಪಾರಾಗಿ ಹೋಗುತ್ತಿದ್ದ ಜಾಗವೂ ಸುಖದ್ದೇನಲ್ಲ ಬಿಡು. ಹೋಬಾರ್ಟಿನ ಕ್ಯಾಸ್ಕೇಡ್ಸ್ ಫೀಮೇಲ್ ಫ್ಯಾಕ್ಟರಿ, ಅಂದರೆ ಕೈದಿ ಹೆಂಗಸರನ್ನು ಕೂಡಿಹಾಕಿ ದುಡಿಸುವ ಜೈಲು, 1828ರಲ್ಲಿ ಶುರುವಾಯಿತು. ಬೆಟ್ಟದ ಬುಡ, ತೇವ, ಬಿಸಿಲು ಕಡಿಮೆ. ಊರವರ ಬಟ್ಟೆ ಒಗೆಯುವುದು, ನೂಲುವುದು. ಕೆಳಗಿನ ದರ್ಜೆಯವರ ಉಡುಪಿನ ಮೇಲೆ ಹಳದಿ 'ಸಿ' ಅಕ್ಷರ. ಕೆಲಸದ ಮನೆಯಲ್ಲಿ ಬಸುರಾದವಳನ್ನು ಇಲ್ಲಿಗೇ ತಂದು ಬಿಡುತ್ತಿದ್ದರು. ಮಗು ಹಾಲು ಬಿಟ್ಟ ಮೇಲೆ ತಾಯಿಗೆ ಶಿಕ್ಷೆ. ಅಪ್ಪನ ಹೆಸರು ಕೇಳುವವರಿಲ್ಲ. ಅಲ್ಲಿ ಸತ್ತ ಕೂಸುಗಳು ಬಹಳ. ಬದುಕಿದವು ಸ್ವಲ್ಪ ದೊಡ್ಡವಾದರೆ ಅನಾಥಾಲಯಕ್ಕೆ. ಈ ಭಾಗಕ್ಕೆ ನೀನು ಎರಡೇ ಸಾಲು ಕೊಟ್ಟಿದ್ದೀಯ, ಜಾಸ್ತಿ ಮಾಡು.

ಸಿಡ್ನಿ ಹತ್ತಿರದ ಪರಮಟ್ಟಾದ ಗಲಾಟೆಯನ್ನೂ ಸೇರಿಸು. 1827ರಲ್ಲಿ ರೇಷನ್ ಕಡಿತ ಮಾಡಿದ್ದಕ್ಕೆ ಅಲ್ಲಿನ ಫ್ಯಾಕ್ಟರಿ ಹೆಂಗಸರು ಬಾಗಿಲು ಮುರಿದು ಊರೊಳಗೆ ನುಗ್ಗಿ ಬ್ರೆಡ್ ಎತ್ತಿಕೊಂಡರು. ಸೈನಿಕರನ್ನು ಕರೆಸಬೇಕಾಯಿತು!

ಮೇರಿ ರೀಬಿಯಿಂದ ಮಾತ್ರ ಶುರು ಮಾಡಬೇಡ. ಎಳೆ ವಯಸ್ಸಿನಲ್ಲಿ ಹುಡುಗನ ವೇಷದಲ್ಲಿ ಕುದುರೆ ಕದ್ದು ಸಿಕ್ಕಿಬಿದ್ದು, 1792ರಲ್ಲಿ ಸಿಡ್ನಿಗೆ ಬಂದು, ಕೊನೆಗೆ ದೊಡ್ಡ ವ್ಯಾಪಾರಿಯಾದವಳು. ಆಸ್ಟ್ರೇಲಿಯಾದ 20 ಡಾಲರ್ ನೋಟಿನ ಮೇಲೂ ಇದ್ದಾಳೆ. ಕಥೆ ಸೊಗಸಾಗಿದೆ, ಅದಕ್ಕೇ ಎಲ್ಲರೂ ಅದನ್ನೇ ಹೇಳುತ್ತಾರೆ. ನೀನು ಪುಟದಲ್ಲಿ ನಾಲ್ಕೇ ಸಾಲಿರುವ ಒಬ್ಬಳನ್ನು ಹಿಡಿದು ಹೊರಡು.

ಇನ್ನು 'ರಾಜಾ' ಅನ್ನುವ ಹಡಗಿನ ಕೌದಿ. 1841ರಲ್ಲಿ ಹೋಬಾರ್ಟಿಗೆ ಬರುವ ದಾರಿಯಲ್ಲಿ ಹಡಗಿನ ಕೈದಿ ಹೆಂಗಸರು ಹೊಲಿದದ್ದು, 2,815 ತುಂಡು. ಬಟ್ಟೆ, ಸೂಜಿ, ದಾರ ಕೊಟ್ಟದ್ದು ಇಂಗ್ಲೆಂಡಿನ ಜೈಲು ಸುಧಾರಕಿ ಎಲಿಜಬೆತ್ ಫ್ರೈ ಕಟ್ಟಿದ ಮಹಿಳಾ ಸಂಘ. ಹೊಲಿಗೆ ಒಂದೇ ಸಮ ಇಲ್ಲ, ಪಳಗಿದ ಕೈಯೂ ಇದೆ, ಹೊಸ ಕೈಯೂ ಇದೆ. ಅದರ ಮೇಲಿನ ಬರಹದಲ್ಲಿ ಆ ಸಂಘದ ಮಹಿಳೆಯರಿಗೆ ಕೃತಜ್ಞತೆ ಇದೆ, ಹೊಲಿದವರ ಒಂದು ಹೆಸರೂ ಇಲ್ಲ. ಕೌದಿ ಈಗ ಕ್ಯಾನ್‌ಬೆರಾದ ನ್ಯಾಷನಲ್ ಗ್ಯಾಲರಿಯಲ್ಲಿದೆ. ಬಟ್ಟೆ ಹಳೆಯದು, ಆಗೀಗ ಮಾತ್ರ ಹೊರಗಿಡುತ್ತಾರೆ. ಸುಮ್ನೆ ಟಿಕೆಟ್ ಮಾಡಿಸಬೇಡ, ಮೊದಲು ಫೋನ್ ಮಾಡಿ ಕೇಳಿಕೊ.

ತಿದ್ದಿದ್ದನ್ನು ಕಳಿಸು, ಕಾಯುತ್ತಿರುತ್ತೇನೆ.

ನಿನ್ನ ದೊಡ್ಡಮ್ಮ