ಗಾಲಿಯ ಸದ್ದು ಕೇಳಿ ಹೇಳುತ್ತಿದ್ದವರು

ಮಾನ್ಯ ಸಂಪಾದಕರೇ,

ಹೋದ ತಿಂಗಳು ನಮ್ಮ ಬೀದಿಯ ಹಿರಿಯರೊಬ್ಬರು ತೀರಿಕೊಂಡರು. ರೈಲ್ವೆ ವರ್ಕ್‌ಶಾಪಿನಲ್ಲಿ ಗಾಲಿ ಕೆಲಸ ಮಾಡಿ ನಿವೃತ್ತರಾದವರು. ನೆಂಟಸ್ತಿಕೆ ಇಲ್ಲದಿದ್ದರೂ ನಾವೆಲ್ಲ ಮಾವ ಅಂತಲೇ ಕರೆಯುತ್ತಿದ್ದೆವು. ಗಾಲಿಗೆ ಸುತ್ತಿಗೆಯಿಂದ ಒಂದೇ ಒಂದು ಏಟು ಹಾಕಿ, ಸದ್ದು ಕೇಳಿಯೇ ಅದರಲ್ಲಿ ಬಿರುಕು ಇದೆಯೋ ಇಲ್ಲವೋ ಹೇಳುತ್ತಿದ್ದರಂತೆ. ಒಳ್ಳೆ ಗಾಲಿಯಾದರೆ ಗುಡಿ ಗಂಟೆ ಥರ ಸದ್ದು ಎಳೆಯುತ್ತದೆ, ಬಿರುಕು ಬಿಟ್ಟಿದ್ದರೆ ಒಡೆದ ಮಡಕೆ ಥರ ದಪ್ ಅಂದು ಅಲ್ಲೇ ಸಾಯುತ್ತದೆ, ಅದನ್ನ ಬಾಯಲ್ಲಿ ಹೇಳಿಕೊಡೋಕೆ ಆಗಲ್ಲ ಕಣಮ್ಮ, ಕಿವಿಗೆ ಹತ್ತಬೇಕು ಅನ್ನುತ್ತಿದ್ದರು.

ಹಾಲು ತುಪ್ಪದ ದಿನ ಅವರ ಮನೆಗೆ ಹೋಗಿದ್ದೆ. ಬಾಗಿಲ ಪಕ್ಕ ಒಂದು ಗೋಣಿಚೀಲ ಇತ್ತು. ಸ್ಪ್ಯಾನರ್‌ಗಳು, ಎರಡು ಸುತ್ತಿಗೆ, ಒಂದು ಹಳೆ ಕೈದೀಪ, ನಂಬರ್ ಕೊರೆದ ಪಿತ್ತಳೆ ಬಿಲ್ಲೆ. ಗುಜರಿಯವನಿಗೆ ಹೇಳಿದ್ದೀವಿ ಅಕ್ಕ, ಸಂಜೆ ಬಂದು ತಗೊಂಡು ಹೋಗ್ತಾನೆ ಅಂದರು ಅವರ ಮಗ. ನನಗೆ ಮಾತೇ ಹೊರಡಲಿಲ್ಲ. ಯಾಕೆಂದರೆ ಅದೇ ವರ್ಕ್‌ಶಾಪಿನಲ್ಲಿದ್ದ ನಮ್ಮ ಅಪ್ಪ ಹೋದಾಗ ನಾನೂ ಅದನ್ನೇ ಮಾಡಿದ್ದೆ. ಮನೆ ಚಿಕ್ಕದು, ಇಡೋಕೆ ಜಾಗ ಇಲ್ಲ ಅಂತ ಅಪ್ಪನ ಪೆಟ್ಟಿಗೆಯನ್ನು ತೂಕಕ್ಕೆ ಹಾಕಿಬಿಟ್ಟೆ. ಎಷ್ಟು ದುಡ್ಡು ಬಂತು ಅನ್ನೋದು ಕೂಡ ಈಗ ನೆನಪಿಲ್ಲ. ಆ ಪೆಟ್ಟಿಗೆ ಮಾತ್ರ ಈಗಲೂ ಕನಸಿನಲ್ಲಿ ಬರುತ್ತದೆ. ಅದಕ್ಕೇ ಈ ಪತ್ರ.

ಮೈಸೂರು ಅಂದರೆ ಅರಮನೆ, ದಸರಾ, ಮಲ್ಲಿಗೆ ಅನ್ನುತ್ತಾರೆ. ಇದು ರೈಲ್ವೆ ಊರು ಕೂಡ ಹೌದು ಅನ್ನುವವರು ಕಡಿಮೆ. 1876–78ರ ಧಾತು ಈಶ್ವರ ಬರದ ಕಾಲದಲ್ಲಿ, ಹಸಿದ ಜನಕ್ಕೆ ಕೂಲಿ ಸಿಗಲಿ ಅಂತ ಬೆಂಗಳೂರು–ಮೈಸೂರು ದಾರಿಯ ಮಣ್ಣಿನ ಕೆಲಸ ಶುರುವಾಯಿತು. 1882ರ ಹೊತ್ತಿಗೆ ರೈಲು ಇಲ್ಲಿಗೆ ಬಂತು. ಆ ಏರಿಯ ಮೇಲೆ ಮಣ್ಣು ಹೊತ್ತ ಹೆಂಗಸರು, ಗಂಡಸರು ಯಾರು ಅಂತ ಇವತ್ತು ಯಾರಿಗೂ ಗೊತ್ತಿಲ್ಲ, ಅಲ್ವಾ? ಮುಂದೆ ನಂಜನಗೂಡಿಗೆ, ಅರಸೀಕೆರೆಗೆ, ಚಾಮರಾಜನಗರಕ್ಕೆ ಹಳಿ ಹೋಯಿತು. ನಂಜನಗೂಡಿನಲ್ಲಿ ಕಪಿಲೆ ಮೇಲೆ 1735ರಲ್ಲಿ ಕಟ್ಟಿದ ಕಲ್ಲಿನ ಸೇತುವೆಯ ಮೇಲೆಯೇ ಬಸ್ಸೂ ರೈಲೂ ಅಕ್ಕಪಕ್ಕ ಹೋಗುತ್ತಿದ್ದವು. ಚಿಕ್ಕವಳಿದ್ದಾಗ ಆ ಸೇತುವೆ ಬಂದರೆ ನಾನು ಅವ್ವನ ಸೆರಗು ಹಿಡಿದುಕೊಂಡು ಕಣ್ಣು ಮುಚ್ಚುತ್ತಿದ್ದೆ. 1920ರ ದಶಕದಲ್ಲಿ ಮೈಸೂರಿನ ದಕ್ಷಿಣಕ್ಕೆ ವರ್ಕ್‌ಶಾಪ್ ಆಯಿತು. ಆಗ ಅದು ಮೈಸೂರು ಸಂಸ್ಥಾನದ ರೈಲ್ವೆ. 1951ರಲ್ಲಿ ದಕ್ಷಿಣ ರೈಲ್ವೆಗೆ ಸೇರಿತು, 2003ರಲ್ಲಿ ನೈಋತ್ಯ ರೈಲ್ವೆಗೆ. ಬೋರ್ಡು ಬದಲಾಯಿತು, ಗೇಟು ಅದೇ.

ನಮ್ಮ ಅಶೋಕಪುರಂ ಆ ಗೇಟಿನ ಪಕ್ಕದ ಊರು. ಅಪ್ಪ ಖಲಾಸಿಯಾಗಿ, ಅಂದರೆ ಕೈಯಾಳಾಗಿ ಸೇರಿ ಫಿಟ್ಟರ್ ಆದರು. ನಮ್ಮ ವಂಶದಲ್ಲಿ ತಿಂಗಳು ತಿಂಗಳು ಸಂಬಳ ಎಣಿಸಿಕೊಂಡ ಮೊದಲ ಮನುಷ್ಯ ಅವರೇ. ಅದಕ್ಕೂ ಮುಂಚೆ ನಮ್ಮವರದ್ದು ಬರೀ ಕೂಲಿ, ಅದೂ ಕೊಟ್ಟವರು ಕೊಟ್ಟಷ್ಟು. ಆ ಸಂಬಳದಿಂದಲೇ ನಾನು ಓದಿ ಟೀಚರ್ ಆಗಿದ್ದು, ನನ್ನ ತಮ್ಮ ಬ್ಯಾಂಕಿಗೆ ಸೇರಿದ್ದು. ನಮ್ಮ ಬೀದಿಯಲ್ಲಿ ಇಂಥ ಮನೆಗಳು ಒಂದೆರಡಲ್ಲ. ಅಂಬೇಡ್ಕರ್ ಜಯಂತಿಗೆ ಚಪ್ಪರ ಹಾಕುವವರು, ಚಂದಾ ಎತ್ತುವವರು, ಮಕ್ಕಳಿಗೆ ಸಂಜೆ ಪಾಠ ಹೇಳಿಸೋಣ ಅಂತ ಓಡಾಡುವವರು, ಎಲ್ಲ ಡ್ಯೂಟಿ ಮುಗಿಸಿ ಬಂದ ವರ್ಕ್‌ಶಾಪಿನವರೇ. ಅಕ್ಕಪಕ್ಕದ ಯಂತ್ರಗಳಲ್ಲಿ ಬೇರೆ ಬೇರೆ ಜಾತಿಯವರು ನಿಂತು, ಒಂದೇ ಕ್ಯಾಂಟೀನಿನಲ್ಲಿ ಕೂತು ತಿಂದರು. ಅದೇನೂ ಸುಲಭವಾಗಿ ಆಗಲಿಲ್ಲ ಅಂತ ಅಪ್ಪ ಹೇಳುತ್ತಿದ್ದರು. ಹೇಗೆ ಆಯಿತು ಅಂತ ಪೂರ್ತಿ ಕೇಳಿ ಬರೆದಿಟ್ಟುಕೊಳ್ಳಬೇಕಿತ್ತು. ನಾನು ಬರೆದಿಡಲಿಲ್ಲ.

ವರ್ಕ್‌ಶಾಪ್ ಸೈರನ್ ನಮಗೆ ಗಡಿಯಾರ. ಅವ್ವ ಒಲೆ ಮೇಲೆ ಅನ್ನಕ್ಕೆ ಇಡುವುದು, ಕ್ಯಾರಿಯರ್ ಕಟ್ಟುವುದು, ಎಲ್ಲ ಅದರ ಲೆಕ್ಕದಲ್ಲೇ. ಸಂಜೆ ಅಪ್ಪ ಬಂದ ಕೂಡಲೇ ಸೀಮೆಎಣ್ಣೆಯಲ್ಲಿ ಕೈ ಉಜ್ಜಿ, ಆಮೇಲೆ ಬಟ್ಟೆ ಸೋಪಿನಲ್ಲಿ ತೊಳೆದು, ಆಮೇಲೆ ನಮ್ಮನ್ನು ಎತ್ತಿಕೊಳ್ಳುತ್ತಿದ್ದರು. ಅಷ್ಟು ಉಜ್ಜಿದರೂ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಅಂಗಿ ಜೇಬಿನಲ್ಲಿ ಯಾವಾಗಲೂ ಒಂದಿಷ್ಟು ಕಾಟನ್ ವೇಸ್ಟ್.

ಆಯುಧಪೂಜೆ ದಿನ ಮಾತ್ರ ಮನೆಯವರನ್ನೂ ಒಳಗೆ ಬಿಡುತ್ತಿದ್ದರು. ವರ್ಷವಿಡೀ ಅದಕ್ಕೇ ಕಾಯುತ್ತಿದ್ದೆವು. ಲೇತ್‌ಗೆ ಅರಿಶಿನ ಕುಂಕುಮ, ಸೇವಂತಿಗೆ ಹಾರ, ಬಾಳೆಕಂದು, ಬೂದುಕುಂಬಳ ಒಡೆದು ಕೆಂಪಾದ ನೆಲ, ಎಲ್ಲರ ಕೈಯಲ್ಲೂ ಕಡ್ಲೆಪುರಿ ಪೊಟ್ಟಣ. ಅಪ್ಪ ನನ್ನ ಕೈ ಹಿಡಿದು ಗಾಲಿಗೆ ಪಟ್ಟೆ ತೊಡಿಸುವ ಜಾಗ ತೋರಿಸಿದ್ದರು. ಉಕ್ಕಿನ ಪಟ್ಟೆಯನ್ನು ಕಾಯಿಸಿದರೆ ಅದು ಹಿಗ್ಗುತ್ತದೆ, ಆಗ ಗಾಲಿಗೆ ತೊಡಿಸಿಬಿಡಬೇಕು, ತಣ್ಣಗಾಗುತ್ತಾ ಕುಗ್ಗಿ ಕಚ್ಚಿ ಹಿಡಿಯುತ್ತದೆ, ನಮ್ಮ ಎತ್ತಿನಗಾಡಿ ಚಕ್ರಕ್ಕೆ ಹಾಕುವ ಹಾಗೇ ಅಂತ. ಪಟ್ಟೆ ಎಷ್ಟು ಬಿಸಿಯಾಗಬೇಕು ಅನ್ನುವುದನ್ನು ಹಳಬರು ಕಬ್ಬಿಣದ ಬಣ್ಣ ನೋಡಿ ಹೇಳುತ್ತಿದ್ದರಂತೆ.

1974ರ ಮೇ ತಿಂಗಳು ನನಗೆ ಚೆನ್ನಾಗಿ ನೆನಪಿದೆ. ನನಗೆ ಹನ್ನೆರಡು ವರ್ಷ. ದೇಶದ ರೈಲ್ವೆ ಮುಷ್ಕರ, ಮೇ 8ರಿಂದ 27ರವರೆಗೆ. ಹದಿನೇಳು ಲಕ್ಷ ಜನ ಕೆಲಸ ನಿಲ್ಲಿಸಿದರು ಅನ್ನುತ್ತಾರೆ. ಮುಂದೆ ನಿಂತವರು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಎಂಟು ಗಂಟೆ ಡ್ಯೂಟಿ, ಬೋನಸ್, ಸರಿಯಾದ ಸಂಬಳ, ಕೇಳಿದ್ದು ಇಷ್ಟೇ. ಅಪ್ಪ ಕೆಲವು ರಾತ್ರಿ ಮನೆಯಲ್ಲಿ ಮಲಗಲಿಲ್ಲ. ಅವ್ವ ದೀಪ ಆರಿಸಿ ಬಾಗಿಲ ಹತ್ತಿರವೇ ಕೂತಿರುತ್ತಿದ್ದಳು. ಪಕ್ಕದ ಮನೆಯ ಅಜ್ಜಿ, ರೈಲ್ವೆಗೂ ಆಕೆಗೂ ಯಾವ ಸಂಬಂಧವೂ ಇಲ್ಲ, ಒಂದು ಸೇರು ರಾಗಿ ತಂದು ಸುಮ್ನೆ ಒಳಗಿಟ್ಟು ಹೋದರು. ಕೊನೆಗೆ ಏನೂ ಸಿಗದೆ ಮುಷ್ಕರ ನಿಂತಿತು, ದೇಶದಲ್ಲಿ ಸಾವಿರಾರು ಜನ ಕೆಲಸ ಕಳೆದುಕೊಂಡರು. ಬೋನಸ್ ಬಂದದ್ದು ಐದಾರು ವರ್ಷ ಆದಮೇಲೆ. ಮೊದಲ ಬೋನಸ್ಸಿನಲ್ಲಿ ಅಪ್ಪ ಅವ್ವನಿಗೊಂದು ಸೀರೆ ತಂದರು, ಆ ಅಜ್ಜಿಗೂ ಒಂದು.

ಆಮೇಲೆ ಉಗಿಬಂಡಿ ಹೋಯಿತು. ಒಂದು ಮೀಟರ್ ಅಗಲದ ಹಳಿ ಕಿತ್ತು 1676 ಮಿಲಿಮೀಟರಿನ ಬ್ರಾಡ್ ಗೇಜ್ ಹಾಕಿದರು. 1990ರ ದಶಕದ ಶುರುವಿನಲ್ಲಿ ಬೆಂಗಳೂರು ದಾರಿ, ಚಾಮರಾಜನಗರದ್ದು ಬಹಳ ತಡವಾಗಿ. ಹಳಿ ಅಗಲವಾದರೆ ಗಾಲಿ, ಅಚ್ಚು, ಬೋಗಿ ಎಲ್ಲವೂ ಬೇರೆ. ಕೈಗೆ ಹತ್ತಿದ ಕೆಲಸವನ್ನೇ ನಲವತ್ತೈದು ದಾಟಿದವರು ಮತ್ತೆ ಹೊಸದಾಗಿ ಕಲಿತರು. ಅವರ ಬಗ್ಗೆ ಒಂದು ಸಾಲು ಎಲ್ಲಾದರೂ ಓದಿದ್ದೀರಾ? ಈಗಲೂ ವರ್ಕ್‌ಶಾಪಿನಲ್ಲಿ ಬೋಗಿಯ ಮೈಯನ್ನು ಎತ್ತಿ, ಗಾಲಿ ಬಿಚ್ಚಿ, ಸ್ಪ್ರಿಂಗ್, ಬ್ರೇಕ್ ಒಂದೊಂದೇ ನೋಡಿ, ಬಣ್ಣ ಬಳಿದು ಕಳಿಸುತ್ತಾರೆ. ಬೆಳಿಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ಸಿನಲ್ಲಿ ಸೀಸನ್ ಪಾಸ್ ಹಿಡಿದು ಮಂಡ್ಯದಲ್ಲಿ, ಮದ್ದೂರಿನಲ್ಲಿ ಹತ್ತಿ ನೆಮ್ಮದಿಯಾಗಿ ಕಣ್ಣು ಮುಚ್ಚುವವರ ಕೆಳಗೆ ಯಾರೋ ಕಣ್ಣು ಬಿಟ್ಟು ನೋಡಿದ ಗಾಲಿ ಇದೆ.

ಮೊನ್ನೆ ಮೊಮ್ಮಗನನ್ನು ಕೆಆರ್‌ಎಸ್ ರಸ್ತೆಯ ರೈಲ್ವೆ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ. 1979ರಲ್ಲಿ ಶುರುವಾದದ್ದು, ದೆಹಲಿಯದು ಬಿಟ್ಟರೆ ದೇಶದಲ್ಲಿ ಎರಡನೆಯದು. ಬಹಳ ಚೆನ್ನಾಗಿ ಇಟ್ಟುಕೊಂಡಿದ್ದಾರೆ. ಮಹಾರಾಣಿಯವರ 1899ರ ಸಲೂನ್, ಅದರಲ್ಲಿ ಅಡುಗೆಮನೆ, ಊಟದ ಮನೆ ಎಲ್ಲ ನೋಡಿ ಹುಡುಗನಿಗೆ ಖುಷಿಯೋ ಖುಷಿ. ಆಮೇಲೆ ಕೇಳಿದ, ಅಜ್ಜಿ, ಇದು ಕೆಟ್ಟರೆ ರಿಪೇರಿ ಯಾರು ಮಾಡ್ತಿದ್ರು? ನಿನ್ನ ಮುತ್ತಾತನಂಥವರು ಅಂದೆ. ಎಲ್ಲಿ, ಫೋಟೋ ತೋರಿಸು ಅಂದ. ನನ್ನ ಹತ್ತಿರ ಇದ್ದದ್ದು ಮದುವೆ ಫೋಟೋ ಒಂದೇ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಮ್ಯೂಸಿಯಂನಲ್ಲಿ ಆ ಎಂಜಿನ್‌ಗಳ ಪಕ್ಕ ಒಂದು ಕೋಣೆ ಕೆಲಸಗಾರರಿಗೆ ಕೊಡಿ. ಅವರ ಬಿಲ್ಲೆ, ಕ್ಯಾರಿಯರ್, ಕೈದೀಪ, ಎಣ್ಣೆ ಕುಡಿದ ಅಂಗಿ, ಪಾಸಿನ ಚೀಟಿ ಅಲ್ಲಿರಲಿ. ಅದಕ್ಕಿಂತ ಮುಂಚೆ, ಅದಕ್ಕಿಂತ ಜಾಸ್ತಿ ಅವಸರವಾಗಿ, ಬದುಕಿರುವ ಹಿರಿಯರ ಮಾತು ರೆಕಾರ್ಡ್ ಮಾಡಿ. ವಸ್ತು ಇನ್ನೂ ಹತ್ತು ವರ್ಷ ಅಟ್ಟದ ಮೇಲೆ ಇರಬಹುದು, ಮನುಷ್ಯರು ಇರುವುದಿಲ್ಲ. ಇದಕ್ಕೆ ರೈಲ್ವೆಯವರೇ ಬರಬೇಕು ಅಂತೇನೂ ಇಲ್ಲ. ಮಾನಸಗಂಗೋತ್ರಿಯಲ್ಲಿ ಇತಿಹಾಸ, ಜಾನಪದ ಓದುವ ಮಕ್ಕಳಿದ್ದಾರೆ. ಒಂದು ಮೊಬೈಲ್ ಇದ್ದರೆ ಸಾಕು. ಫಿಟ್ಟರ್‌ಗಳನ್ನಷ್ಟೇ ಕೇಳಬೇಡಿ. ಬಿಸಿಲಲ್ಲಿ ಹಳಿ ಕಾಯ್ದ ಗ್ಯಾಂಗ್‌ಮನ್‌ಗಳನ್ನು, ರೈಲ್ವೆ ಆಸ್ಪತ್ರೆಯ ಆಯಾಗಳನ್ನು, ಮುಷ್ಕರದ ಇಪ್ಪತ್ತು ದಿನ ಮನೆ ನಡೆಸಿದ ಹೆಂಗಸರನ್ನೂ ಕೇಳಿ. ಅವರನ್ನು ಇದುವರೆಗೆ ಯಾರೂ ಏನೂ ಕೇಳಿಲ್ಲ.

ಈ ಪತ್ರ ಓದುವ ರೈಲ್ವೆ ಮನೆಯವರಿಗೆ ಒಂದು ಮಾತು. ದಯವಿಟ್ಟು ಈ ವಾರ ಅಟ್ಟ ಹತ್ತಿ ನೋಡಿ. ಗುಜರಿಯವರಿಗೆ ಕೊಡುವ ಮುಂಚೆ ಒಂದು ಫೋಟೋ ಆದರೂ ತೆಗೆದು, ಇದು ಯಾವ ಕೆಲಸಕ್ಕೆ ಅಂತ ಮನೆಯ ಹಿರಿಯರನ್ನು ಕೇಳಿ, ಫೋಟೋದ ಹಿಂದೆ ಬರೆದಿಡಿ.

ಮಾವನ ಗೋಣಿಚೀಲ ಈಗ ನಮ್ಮ ಮನೆಯಲ್ಲಿದೆ. ಅವರ ಮಗ ಮರುಮಾತಾಡದೆ ಕೊಟ್ಟರು. ಗಾಲಿ ತಟ್ಟುವ ಸುತ್ತಿಗೆಗೆ ತುಕ್ಕು ಹಿಡಿದಿಲ್ಲ, ಹಿಡಿ ಅವರ ಬೆರಳಿನ ಜಾಗದಲ್ಲಿ ಸವೆದಿದೆ. ನಮ್ಮ ಬೀದಿಯಲ್ಲಿ ವರ್ಕ್‌ಶಾಪಿನ ಹಿರಿಯರು ಇನ್ನೂ ನಾಲ್ಕು ಜನ ಇದ್ದಾರೆ. ಒಬ್ಬರಿಗೆ ಕಿವಿ ಮಂದ, ಸ್ವಲ್ಪ ಗಟ್ಟಿಯಾಗಿ ಮಾತಾಡಬೇಕು. ಸಂಜೆ ನಾಲ್ಕರ ಮೇಲೆ ಬಂದರೆ ಎಲ್ಲರೂ ಜಗಲಿ ಮೇಲೆ ಸಿಗುತ್ತಾರೆ.

ಇತಿ,
ಒಬ್ಬ ಫಿಟ್ಟರ್‌ನ ಮಗಳು, ನಿವೃತ್ತ ಶಿಕ್ಷಕಿ
ಅಶೋಕಪುರಂ, ಮೈಸೂರು