ಮೈಸೂರಿನ ಮಂಡಿ ಮೊಹಲ್ಲಾದ ಹೊಸ ಅಂಗಡಿಯವನಿಗೆ

ಪ್ರೀತಿಯ ಗೆಳೆಯನಿಗೆ ಕರ್ತನ ನಾಮದಲ್ಲಿ ವಂದನೆಗಳು.

ಮಾವನವರು ಅಂಗಡಿಯನ್ನು ನಿನ್ನ ಕೈಗೇ ಬಿಟ್ಟರಂತೆ, ಸಂತೋಷ. ಬೋರ್ಡಿನ ಮೇಲೆ ಬೈಬಲಿನ ಯಾವ ವಾಕ್ಯ ಬರೆಸಲಿ ಅಂತ ಕೇಳಿದ್ದೀಯ. ಯಾವುದಾದರೂ ಬರೆಸು. ಆದರೆ ಪೇಂಟರ್‌ಗೆ ಅಡ್ವಾನ್ಸ್ ಕೊಡುವ ಮೊದಲು ತಕ್ಕಡಿಗೆ ತೂಕ-ಅಳತೆ ಇಲಾಖೆಯ ಚಾಲ್ತಿ ಮುದ್ರೆ ಬಿದ್ದಿದೆಯಾ ನೋಡು. ಮೋಸದ ತಕ್ಕಡಿ ಯೆಹೋವನಿಗೆ ಅಸಹ್ಯ ಅಂತ ಜ್ಞಾನೋಕ್ತಿ 11ರ ಮೊದಲನೇ ವಚನದಲ್ಲೇ ಇದೆ. ಅದನ್ನು ಗೋಡೆಗೆ ಬರೆಸಿದ ವ್ಯಾಪಾರಿಯನ್ನು ನಾನಂತೂ ಕಂಡಿಲ್ಲ!

ನಿನ್ನ ಮೊಹಲ್ಲಾದಲ್ಲೇ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಇದೆಯಲ್ಲ, 1906ರದ್ದು. ಜನ ಇವತ್ತಿಗೂ ಮಿಷನ್ ಆಸ್ಪತ್ರೆ ಅಂತಲೇ ಕರೆಯುತ್ತಾರೆ. ಅಲ್ಲಿಗೆ ಹೆರಿಗೆಗೆ ಬಂದ ಹೆಣ್ಣುಮಕ್ಕಳು ಯಾರೂ ಗೋಡೆಯ ವಾಕ್ಯ ಓದಿ ಬಂದವರಲ್ಲ.

ಭಾನುವಾರದ ವಿಷಯಕ್ಕೆ ಬರುತ್ತೇನೆ. 'ನಾನು ಆರಾಧನೆಗೆ ಹೋಗ್ತೀನಿ, ಅಂಗಡೀನ ಹುಡುಗ ನೋಡ್ಕೋತಾನೆ' ಅಂದಿದ್ದೀಯ. ಇದು ನನಗೆ ಒಪ್ಪಿಗೆಯಾಗಲಿಲ್ಲ ಕಣೋ. ಧರ್ಮೋಪದೇಶಕಾಂಡ 5ನೇ ಅಧ್ಯಾಯ ತೆಗೆದು ನೋಡು, ಆಳಿಗೂ ನಿನ್ನ ಹಾಗೇ ವಿಶ್ರಾಂತಿ ಸಿಗಬೇಕು ಅಂತಿದೆ. ಎತ್ತು ಕತ್ತೆಗಳನ್ನೂ ಬಿಟ್ಟಿಲ್ಲ. ಹುಡುಗ ಮಲೆ ಮಾದಪ್ಪನ ಒಕ್ಕಲು, ಅವನಿಗೆ ಭಾನುವಾರ ಯಾಕೆ ಅನ್ನಬೇಡ. ಅವನು ಬೆಟ್ಟಕ್ಕೆ ಹೋಗಲಿ, ಮನೇಲಿ ಮಲಗಲಿ, ಅದು ಅವನಿಷ್ಟ. ಸಂಬಳ ಮಾತ್ರ ಮುರಿದುಕೊಳ್ಳಬೇಡ. ಅವನನ್ನು ಗಲ್ಲಾದ ಮುಂದೆ ಕೂರಿಸಿ ನೀನು ಚರ್ಚಿನಲ್ಲಿ ಪ್ರಭುಭೋಜನ ತಗೊಂಡು ಬಂದರೆ, ಅವನ ಕಣ್ಣಿಗೆ ನಮ್ಮ ದೇವರು ಯಜಮಾನರಿಗಷ್ಟೇ ರಜೆ ಕೊಡುವವನು.

ಕೂಲಿಯ ಮಾತೂ ಅಲ್ಲೇ ಇದೆ, 24ನೇ ಅಧ್ಯಾಯದಲ್ಲಿ: ಹೊತ್ತು ಮುಳುಗುವುದರೊಳಗೆ ಕೊಟ್ಟುಬಿಡು. ಮಂಡ್ಯದ ಕಡೆ ಆಲೆಮನೆಗಳಿಗೆ ಉತ್ತರ ಪ್ರದೇಶದಿಂದ ಹುಡುಗರು ಬರುತ್ತಾರೆ. ಓಡಿಹೋಗದಿರಲಿ ಅಂತ ಅವರ ಲೆಕ್ಕವನ್ನು ಸೀಸನ್ ಮುಗಿಯುವವರೆಗೆ ಹಿಡಿದಿಟ್ಟುಕೊಳ್ಳುವವರು ಇದ್ದಾರೆ. ನಮ್ಮ ಆಲೆಮನೆಯಲ್ಲಿ ಶನಿವಾರ ಸಂಜೆ ಬಟವಾಡೆ. ಕೊಪ್ಪರಿಗೆ ಹತ್ತಿರ ನಿಲ್ಲುವವನ ಬೆರಳಿಗೆಲ್ಲ ಪಾಕ ಗಟ್ಟಿಯಾಗಿ ಅಂಟಿರುತ್ತೆ, ಫೋನ್ ಒತ್ತಿದರೆ ತಗೊಳ್ಳಲ್ಲ. ಲುಂಗಿಗೆ ಒರೆಸಿ ಒರೆಸಿ ಒತ್ತುತ್ತಾನೆ, ಊರಲ್ಲಿರುವ ಹೆಂಡತಿಗೆ ದುಡ್ಡು ಮುಟ್ಟಿತು ಅಂತ ಗೊತ್ತಾದ ಮೇಲೇ ಊಟಕ್ಕೆ ಏಳುವುದು.

ಇನ್ನು ಬೆಲ್ಲ. ಬಿಳಿ ಬೆಲ್ಲವೇ ಬೇಕು, ಗಿರಾಕಿ ಕೇಳೋದು ಅದನ್ನೇ ಅಂತ ಬರೆದಿದ್ದೀಯ. ಮಾರ್ಕೆಟ್ಟಿನಲ್ಲೂ ಅಷ್ಟೇ, ಬಣ್ಣ ನೋಡಿಯೇ ರೇಟು ಕೂಗುತ್ತಾರೆ. ಕುದಿಯುವ ಕಬ್ಬಿನ ಹಾಲಿಗೆ ಹೈಡ್ರೋಸ್ ಅನ್ನೋ ಬಣ್ಣ ತಿಳಿಯಾಗಿಸುವ ರಾಸಾಯನಿಕ ಪುಡಿ ಬಿದ್ದರೆ ಬೆಲ್ಲಕ್ಕೆ ಚಿನ್ನದ ಬಣ್ಣ ಬರುತ್ತೆ, ಸಕ್ಕರೆ ಅಗ್ಗವಾದಾಗ ಅದನ್ನೂ ಬೆರೆಸುತ್ತಾರೆ. ಸುಣ್ಣ ಹಾಕಿ, ಬೆಂಡೆ ಗಿಡದ ಲೋಳೆಯಲ್ಲಿ ಮಡ್ಡಿ ಎತ್ತಿ ಇಳಿಸಿದ್ದು ಕಂದಾಗಿಯೇ ಇರುತ್ತೆ, ಮಳೆಗಾಲದಲ್ಲಿ ಬೇಗ ನೀರೂ ಬಿಡುತ್ತೆ. ಹೀಗಾಗಿ ಕಂದು ಬೆಲ್ಲ ಮಾಡಿದವನಿಗೇ ಕಡಿಮೆ ದುಡ್ಡು. ಇದೇನು ನ್ಯಾಯ ಅಂತ ಅಪ್ಪನ ಹತ್ತಿರ ಗೊಣಗಿದ್ದಕ್ಕೆ, 'ಚರ್ಚ್ ಸಭೇಲಿ ಹಾಡು ಹೇಳೋಕೆ ಖರ್ಚಿಲ್ಲ ಮಗ, ಇಲ್ಲಿ ಐತೆ' ಅಂದರು. ಅಪ್ಪ ಓದಿದ್ದು ನಾಲ್ಕನೇ ಕ್ಲಾಸು.

ನಿನಗೆ ಒಂದೇ ಸಲಕ್ಕೆ ಬಿಳಿ ಬೆಲ್ಲ ನಿಲ್ಲಿಸು ಅನ್ನಲಾರೆ. ಬಾಡಿಗೆ ಕಟ್ಟುವವನು ನೀನು. ಎರಡನ್ನೂ ಪಕ್ಕಪಕ್ಕ ಇಡು. ಕೇಳಿದವರಿಗೆ ಈ ಬಣ್ಣ ಯಾಕೆ, ಆ ಬಣ್ಣ ಯಾಕೆ ಅಂತ ಇದ್ದದ್ದು ಇದ್ದ ಹಾಗೆ ಹೇಳು. ಸೋಮವಾರದ ಗಾಡಿಯಲ್ಲಿ ಕಂದು ಬೆಲ್ಲ ಕಳಿಸುತ್ತೇನೆ, ದುಡ್ಡು ಮಾರಿದ ಮೇಲೆ ಕೊಡುವೆಯಂತೆ. ಅದರ ಮೇಲೆ 'ಆರ್ಗ್ಯಾನಿಕ್' ಅಂತ ಚೀಟಿ ಮಾತ್ರ ಅಂಟಿಸಬೇಡ ಮತ್ತೆ. ನಮ್ಮ ಗದ್ದೆಗೆ ಯೂರಿಯಾ ಹಾಕ್ತೀವಿ.

ನಿನ್ನವನೇ